ಬೆಚ್ಚಗಿದೆ, ಮುಟ್ಟಿ ನೋಡಿ

ನೊಣ ಕಿವಿಯ ಮೇಲೆ ಕೂತಿದೆ, ಕಿವಿ ಅಲುಗಲಿಲ್ಲ, ನೊಣ ಕಿವಿಯಿಂದ ಹಣೆಗೆ ನಡೆದು ಕಣ್ಣಿನ ಮೂಲೆಗೆ ಬಂತು, ರೆಪ್ಪೆಯೂ ಅಲುಗಲಿಲ್ಲ — ನಿದ್ದೆ ಇರಬೇಕು ಅಂದುಕೊಂಡಳು ಶಿವರಂಜಿನಿ, ಆದರೆ ನಿದ್ದೆಯಲ್ಲಿರುವ ನಾಯಿ ನೊಣಕ್ಕೆ ಇಷ್ಟು ಸಲಿಗೆ ಕೊಡುವುದಿಲ್ಲ, ಈ ಐದು ತಿಂಗಳಲ್ಲಿ ಅಷ್ಟಾದರೂ ಕಲಿತಿದ್ದಾಳೆ, ಮೇಲೆ ಡ್ರಿಪ್ ಮಾತ್ರ ಏನೂ ಗೊತ್ತಿಲ್ಲದ ಹಾಗೆ ತೊಟ್ಟಿಕ್ಕುತ್ತಿದೆ, ಗೋಡೆ ಗಡಿಯಾರದಲ್ಲಿ ಹನ್ನೊಂದೂ ಹತ್ತು, ಹನ್ನೊಂದಕ್ಕೆ ನೋಡಿದಾಗ ಹೊಟ್ಟೆ ಏರಿಳಿಯುತ್ತಿತ್ತು, ಏರಿಳಿಯುತ್ತಿತ್ತಾ, ಇಲ್ಲಾ ಫ್ಯಾನಿನ ಗಾಳಿಗೆ ಕೂದಲು ಅಲುಗಿದ್ದೇ ಹಾಗೆ ಕಂಡಿತಾ. ಮುನಿಸ್ವಾಮಣ್ಣಾ, ಅಂದಳು. ಮುನಿಸ್ವಾಮಿ ಬಂದರು, ಈ ಚಾಮರಾಜಪೇಟೆಯ ಕ್ಲಿನಿಕ್ಕಿನಲ್ಲಿ ಇಪ್ಪತ್ತು ವರ್ಷದಿಂದ ನಾಯಿ ಬೆಕ್ಕು ಹಿಡಿಯುವವರು, ಅವಳಿಗೆ ಕೆಲಸ ಕಲಿಸುವವರು, ಹಿಂಗಾಲಿನ ತೊಡೆಯ ಒಳಗೆ ಎರಡು ಬೆರಳಿಟ್ಟು ನಾಡಿಗೆ ಕಾದರು, ಕಣ್ಣಿನ ಮೂಲೆ ಮುಟ್ಟಿದರು, ಹೋಯ್ತಮ್ಮ ಕೆಂಪಿ, ಅಂದರು, ಮೆತ್ತಗೆ. ಮೆತ್ತಗೆ ಮಾತಾಡುವವರನ್ನು ಕಂಡರೆ ಅವಳಿಗೆ ಗುಮಾನಿ. ಹದಿನಾಲ್ಕು ತಿಂಗಳಿಂದ ಎಲ್ಲರೂ ಮೆತ್ತಗೆ ಮಾತಾಡುತ್ತಿದ್ದಾರೆ, ಗಂಡ ಶಶಿಕಿರಣ್ ಹೋದ ದಿನದಿಂದ ಮಾವ ಗಂಗಾಧರಯ್ಯನವರು ಒಂದು ಸಲವೂ ದನಿ ಎತ್ತಿಲ್ಲ, ಅತ್ತೆಯೊಬ್ಬರೇ ಮೊದಲಿನ ಹಾಗೆ — ನಾಯಿ ತೊಳೆಯೋಕೆ ಎಂಎಸ್ಸಿ ಬೇಕಿತ್ತೇನೇ — ಅದಾದರೂ ನಂಬಬಹುದಾದ ಮಾತು. ಮಾವ ಯಾಕೆ ಅಷ್ಟು ಸಲೀಸಾಗಿ ಒಪ್ಪಿದರು, ಹೋಗ್ಲಿ ಬಿಡೇ, ಮನೇಲಿ ಕೂತ್ರೆ ಏನೇನೋ ಯೋಚನೆ ಬರುತ್ತೆ. ಏನೇನೋ ಅಂದರೆ ಏನು, ಏನು ಬರಬಾರದು ಅಂತಿತ್ತು ಅವರಿಗೆ.

ಕೆಂಪಿ ವಿಶಾಲಮ್ಮ, ಹೆಣ್ಣು, ಹದಿಮೂರು ವರ್ಷ, ಹನುಮಂತನಗರ, ಕಾರ್ಡಿನಲ್ಲಿ ಅವಳದೇ ಅಕ್ಷರ, ಇಲ್ಲಿ ನಾಯಿಗಳಿಗೆ ಸಾಕಿದವರ ಹೆಸರೇ ಮನೆತನದ ಹೆಸರು. ಕಿಡ್ನಿ ಎರಡೂ ಹೋಗಿ ಬೆಳಗ್ಗೆ ಬಂದಾಗಲೇ ಪಾದ ಐಸಿನ ಹಾಗಿತ್ತು. ಮುನಿಸ್ವಾಮಿ ಒಳಗೆ ಹೋಗಿ ಬಂದರು, ಡಾಕ್ಟರ್ ವೇಣುಗೋಪಾಲ್ ಬೆಕ್ಕಿನ ಆಪರೇಷನ್ನಿನಲ್ಲಿದ್ದಾರೆ, ಇನ್ನೊಂದು ಗಂಟೆ ಈಚೆ ಬರೋಹಾಗಿಲ್ಲ, ರಂಜಿನಿ ಕೈಲಿ ಮಾಡಿಸು ಅಂದ್ರಮ್ಮ, ನಿಮ್ಮ ಬುಕ್ಕಲ್ಲಿ ಅದೊಂದೇ ಅಲ್ವಾ ಉಳಿದಿರೋದು. ಹೌದು, ಅದೊಂದೇ, ತರಬೇತಿ ಪುಸ್ತಕದಲ್ಲಿ ಹಿಡಿಯುವುದು, ಬಾಯಿ ಕಟ್ಟುವುದು, ಉಗುರು ಕತ್ತರಿಸುವುದು, ನರ ಹುಡುಕುವುದು ಎಲ್ಲಕ್ಕೂ ರುಜು ಬಿದ್ದಿದೆ, ಕೊನೆಯ ಸಾಲು ಖಾಲಿ, ಸಾಕಿದವರಿಗೆ ತಿಳಿಸುವುದು. ಆರು ತಿಂಗಳು ಮುಗಿದು ಅದಕ್ಕೂ ರುಜು ಬಿದ್ದರೆ ಇಲ್ಲೇ ಕೆಲಸ, ಬೀಳದಿದ್ದರೆ ಮತ್ತೆ ಕಾಟನ್‌ಪೇಟೆಯ ಮನೆಯ ಆ ಕೋಣೆ. ಫೋನ್ ಮಾಡಿ, ಹೋಗಿದೆ ಅಂತ ಹೇಳ್ಬೇಡಿ, ಸ್ವಲ್ಪ ಸೀರಿಯಸ್ಸು, ಬೇಗ ಬನ್ನಿ ಅನ್ನಿ. ಯಾಕೆ, ಅಂದಳು. ವಯಸ್ಸಾದೋರು, ದಾರೀಲಿ ಏನಾದ್ರೂ ಆದ್ರೆ? ಅವಳು ನಂಬರು ಒತ್ತಿದಳು, ಆ ಕಡೆ ಕುಕ್ಕರ್ ಕೂಗುತ್ತಿದೆ, ಸೀರಿಯಸ್ಸಾ, ಒಲೆ ಆರಿಸಿ ಬಂದ್ಬಿಟ್ಟೆ ಕಣಮ್ಮ, ಒಬ್ಳನ್ನೇ ಬಿಡ್ಬೇಡ ಅದ್ನ, ಅಂದರು ವಿಶಾಲಮ್ಮ, ಇಲ್ಲಮ್ಮ, ಅಂದಳು, ಫೋನಿಟ್ಟಳು — ಸ್ವಲ್ಪ ಸೀರಿಯಸ್ ಅಂತೆ, ಬೇಗ ಬಾಮ್ಮ — ಅದು ಮಾವನ ದನಿ, ಬೆಳಗ್ಗೆ ಆರೂ ನಲವತ್ತು, ಶಶಿಯ ಡೆಂಗಿಯ ಒಂಬತ್ತನೇ ದಿನ, ಐಸಿಯು ಹೊರಗಿನ ಬೆಂಚಿನಿಂದ, ಅಂತೆ ಅಂದರು, ಯಾರು ಹೇಳಿದ್ದು ಅಂತ ಹೇಳಲಿಲ್ಲ.

ಬನ್ನಿ, ಹಿಡ್ಕೊಳ್ಳಿ, ಮುನಿಸ್ವಾಮಿ ಕೆಂಪಿಯ ಮುಂಗಾಲು ಮಡಿಸುತ್ತಿದ್ದಾರೆ, ಮಲಗಿದ ಹಾಗೆ ಮೂತಿಯ ಕೆಳಗೆ, ಈಗ್ಲೇ ಮಡಿಸ್ಬಿಡ್ಬೇಕಮ್ಮ, ಮೊದ್ಲು ದವಡೆ ಬಿಗಿಯುತ್ತೆ, ಆಮೇಲೆ ಕತ್ತು, ಕಾಲು ಆಮೇಲೆ, ನಾಲ್ಕೈದು ಗಂಟೆ ಹೋದ್ರೆ ಮಂಡಿ ನಿಮ್ಮಪ್ಪನಾಣೆ ಬಗ್ಗಲ್ಲ. ಎಷ್ಟು ಗಂಟೆ? ನಾಲ್ಕೈದು. ಎರಡೂವರೆ ಗಂಟೆಗೆ ಬಿಗಿಯಲ್ವಾ? ದವಡೆ ಬಿಗಿಯುತ್ತೆ, ಮಂಡಿ ಎಲ್ಲಿ ಬಿಗಿಯುತ್ತೆ, ಎಂಎಸ್ಸಿಲಿ ಇದ್ನೆಲ್ಲ ಹೇಳ್ಕೊಡಲ್ವೇನಮ್ಮ, ನಕ್ಕರು. ಅವಳು ಹಿಂಗಾಲು ಮಡಿಸಿದಳು, ಬಗ್ಗಿತು, ಹಿಟ್ಟಿನ ಹಾಗೆ — ಶಶಿ ಹೋದದ್ದು ಏಳೂ ಮೂವತ್ತೈದು ಅಂತ ಬರೆದಿದ್ದರು ಆಸ್ಪತ್ರೆಯ ಕಾಗದದಲ್ಲಿ, ಹತ್ತು ಗಂಟೆಗೆ ಮನೆ, ನಡುಮನೆಯಲ್ಲಿ ಕೂರಿಸಿ ವಿಭೂತಿ ಹಚ್ಚಬೇಕು, ನಮ್ಮಲ್ಲಿ ಮಲಗಿಸುವುದಿಲ್ಲವಲ್ಲ, ಕೂರಿಸುವುದು, ಕ್ರಿಯೆ ಮಾಡಿಸಲು ಬಂದ ಮಠದ ಅಯ್ಯನವರು ಕಾಲು ಮಡಿಸಲು ಹೋದರು, ಮಂಡಿ ಬಗ್ಗಲಿಲ್ಲ, ಇನ್ನೊಂದೂ ಬಗ್ಗಲಿಲ್ಲ, ಯಾವಾಗ ಹೋದ್ನಪ್ಪ ಇವ್ನು, ಅಂದರು, ಏಳೂ ಮೂವತ್ತೈದಕ್ಕೆ ಅಂದರು ಮಾವ, ಅಯ್ಯನವರು ತಲೆಯೆತ್ತಿ ಮಾವನ ಮುಖ ನೋಡಿದರು, ಬಿಸಿನೀರು ತನ್ನಿ ಅಂದರು. ಬಿಸಿನೀರಿನ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತಿದ್ದವಳು ಇವಳೇ. ಮಂಡಿಗೆ ನೀರು ಹುಯ್ದು ಹುಯ್ದು ಉಜ್ಜಿದರು. ಅವತ್ತು ಅದು ಯಾವುದೂ ಮನಸ್ಸಿಗೆ ಹೋಗಲಿಲ್ಲ, ಹೋಗದೆ ಎಲ್ಲೋ ಹೊರಗೇ ಕೂತಿತ್ತು.

ಈಗ ಮುನಿಸ್ವಾಮಿ ಕೆಟಲಿನಿಂದ ಕೆಂಪು ರಬ್ಬರ್ ಬ್ಯಾಗಿಗೆ ಬಿಸಿನೀರು ತುಂಬುತ್ತಿದ್ದಾರೆ, ಮುಚ್ಚಳ ತಿರುಗಿಸಿ ಟವೆಲ್ ಸುತ್ತಿ ಕೆಂಪಿಯ ಪಕ್ಕೆಗೆ ಒತ್ತಿ ಇಟ್ಟರು, ಮೇಲೆ ಹೊದಿಕೆ ಎಳೆದರು, ಹೊದಿಕೆಯ ಕೆಳಗೆ ಒಂದು ಉಬ್ಬು, ಮುಂದಿನ ಪಾದವೊಂದನ್ನು ಹೊರಗೆ ತೆಗೆದು ಎರಡೂ ಅಂಗೈಯಲ್ಲಿ ಉಜ್ಜುತ್ತಿದ್ದಾರೆ. ಇದ್ಯಾಕೆ ಅಣ್ಣಾ, ಹೋಗಿದೆಯಲ್ಲ. ಹೋಗಿದೆ ಅಂತಾನೇ. ತಣ್ಣಗಿದ್ರೆ ಮುಟ್ಟಲ್ಲ ಕಣಮ್ಮ ಜನ, ಹದಿಮೂರು ವರ್ಷ ಸಾಕಿದೋರು ಹಿಂಗ್ ಮುಟ್ಟಿ ಹಂಗ್ ಕೈ ಎಳ್ಕೊಂಡ್ಬಿಡ್ತಾರೆ, ಆಮೇಲೆ ಜೀವಮಾನ ಪೂರ್ತಿ ಅದನ್ನೇ ನೆನೆಸ್ಕೋತಾರೆ. ಬಂದ ತಕ್ಷಣ ಬೆಚ್ಚಗಿದೆ, ಮುಟ್ಟಿ ನೋಡಿ ಅನ್ನಿ, ಎರಡು ನಿಮಿಷ ಮಾತಾಡ್ಕೊಳ್ಳೋಕೆ ಬಿಡಿ, ಆಮೇಲೆ ಬೆರಳಿಟ್ಟು ನೋಡೋ ಹಾಗೆ ನೋಡಿ, ಗಡಿಯಾರ ನೋಡಿ, ಈಗ ಹೋಯ್ತು ಅನ್ನಿ. ಬೆಚ್ಚಗಿದೆ, ಮುಟ್ಟಿ ನೋಡಿ. ಆ ಮಾತು ಅವಳು ಕೇಳಿದ್ದಾಳೆ, ಅಕ್ಷರಕ್ಕೆ ಅಕ್ಷರ, ನರ್ಸು ನೀಲಿ ಹೊದಿಕೆಯಿಂದ ಶಶಿಯ ಎಡಗೈ ಹೊರಗಿಟ್ಟು ಅಂದದ್ದು, ಮೇಡಂ ಬೆಚ್ಚಗಿದೆ, ಮುಟ್ಟಿ ನೋಡಿ, ಮಾತಾಡಿ, ಕೇಳಿಸುತ್ತೆ ಅವ್ರಿಗೆ, ಮಾನಿಟರು ಗೋಡೆಯ ಕಡೆ ತಿರುಗಿತ್ತು, ಕೈ ಬೆಚ್ಚಗಿತ್ತು, ಅವಳು ಕಿವಿಯ ಹತ್ತಿರ ಬಾಗಿ ಹೇಳಿದಳು, ನಾನು ಅಂದಿದ್ದು ತಪ್ಪು, ಅವತ್ತು ಹಾಗನ್ನಬಾರದಾಗಿತ್ತು — ಬರೀ ಜ್ವರಕ್ಕೆ ಇಷ್ಟು ನಾಟಕನಾ ಅಂದಿದ್ದಳು, ಮೂರು ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗದೆ ಅಂದಿದ್ದಳು — ಅದೊಂದು ಕ್ಷಮೆ ತಲುಪಿತು ಅನ್ನುವುದರ ಮೇಲೆ ಹದಿನಾಲ್ಕು ತಿಂಗಳು ಉಂಡಿದ್ದಾಳೆ, ಮಲಗಿದ್ದಾಳೆ, ಎದ್ದಿದ್ದಾಳೆ. ಕೈ ಬೆಚ್ಚಗಿತ್ತಲ್ಲ. ಪಕ್ಕದಲ್ಲಿ ಹೊದಿಕೆಯ ಕೆಳಗೆ ಏನೋ ಉಬ್ಬಿತ್ತು, ಟವೆಲ್ ಇರಬೇಕು ಅಂದುಕೊಂಡಿದ್ದಳು.

ಮುನಿಸ್ವಾಮಣ್ಣ, ಇದನ್ನ ಯಾರು ಕಲಿಸಿದ್ರು ನಿಮಗೆ, ಡಾಕ್ಟರಾ? ಅವರು ಪಾದ ಉಜ್ಜುತ್ತಲೇ, ಈ ಡಾಕ್ಟರಿಗೆ ಇದೆಲ್ಲ ಎಲ್ಲಿ ಗೊತ್ತಮ್ಮ, ಇಲ್ಲಿಗೆ ಬರೋಕೆ ಮುಂಚೆ ಹನ್ನೊಂದು ವರ್ಷ ವಾರ್ಡಲ್ಲಿದ್ನಲ್ಲ, ಮನುಷ್ಯರ ಆಸ್ಪತ್ರೇಲಿ, ಅಲ್ಲಿ ನರ್ಸಮ್ಮ ಒಬ್ರಿದ್ರು, ದೇವರಂಥೋರು — ನಿಲ್ಲಿಸಿದರು. ಅವಳ ಮುಖ ನೋಡಿದರು, ಕುಂಕುಮವಿಲ್ಲದ ಹಣೆ ನೋಡಿದರು, ಕೈ ಪಾದದ ಮೇಲೇ ನಿಂತಿತು. ಎಲ್ಲಾ ಕಡೆ ಹಾಗಿಲ್ಲಮ್ಮ, ಅಂದರು, ಮೆತ್ತಗೆ, ಎಲ್ಲೋ ಒಂದೊಂದು ಕಡೆ. ಅಯ್ಯನವರೂ ಹೀಗೇ ನೋಡಿದ್ದರು ಮಾವನ ಮುಖವನ್ನ. ಮಾವನಿಗೆ ಗೊತ್ತಿತ್ತು. ಗೊತ್ತಿದ್ದರೆ ಬೆಂಚಿನ ಮೇಲೆ ಎಷ್ಟು ಹೊತ್ತು ಕೂತಿದ್ದರು, ನಾಲ್ಕು ಗಂಟೆಯಿಂದಲಾ, ಮೂರರಿಂದಲಾ, ಮಗ ಹೋಗಿದ್ದಾನೆ ಅಂತ ಗೊತ್ತಿದ್ದೂ ಒಬ್ಬರೇ ಕೂತು ಸೊಸೆ ಬೆಳಗಾಗುವವರೆಗೆ ಮಲಗಲಿ ಅಂತ — ಅಥವಾ ಹಾಗೇನೂ ಇಲ್ಲ, ಡೆಂಗಿ ಜ್ವರಕ್ಕೆ ಮೈ ಬೇಗ ಬಿಗಿಯುತ್ತೇನೋ, ಯಾರನ್ನು ಕೇಳುವುದು, ಕೇಳಿದರೆ ಎಲ್ಲರೂ ಮೆತ್ತಗೆ ಉತ್ತರ ಹೇಳುತ್ತಾರೆ.

ಹೊರಗೆ ಆಟೋ ನಿಂತಿತು. ಎಲ್ಲಿ, ಎಲ್ಲಿ ಅದು, ವಿಶಾಲಮ್ಮ ಚಪ್ಪಲಿ ಬಿಡದೆ ಒಳಗೆ ಬಂದರು, ಸೆರಗಿಗೆ ಅರಿಶಿನದ ಕೈ ಒರೆಸಿಕೊಳ್ಳುತ್ತ, ಮೇಜಿನಿಂದ ಎರಡು ಹೆಜ್ಜೆ ದೂರ ನಿಂತುಬಿಟ್ಟರು, ಮುಂದೆ ಬರಲಾರರು, ಮುನಿಸ್ವಾಮಿ ಬಾಗಿಲಿಗೆ ಸರಿದು ನಿಂತಿದ್ದಾರೆ, ಇನ್ನು ಅವಳೇ. ಹೇಳಿಬಿಡಬಹುದು. ಹನ್ನೊಂದೂ ಹತ್ತಕ್ಕೇ ಹೋಯಿತಮ್ಮ, ಇದು ಬಿಸಿನೀರು. ನಿಜ ಅಷ್ಟೇ, ಹದಿನಾಲ್ಕು ತಿಂಗಳಿಂದ ಅವಳಿಗೆ ಬೇಕಾಗಿರುವುದೂ ಅಷ್ಟೇ. ಬೆಚ್ಚಗಿದೆ, ಮುಟ್ಟಿ ನೋಡಿ, ಅಂದಿತು ಅವಳ ಬಾಯಿ. ವಿಶಾಲಮ್ಮ ಬಂದು ಪಾದ ಹಿಡಿದುಕೊಂಡರು, ಬೆಚ್ಚಗೈತಲ್ಲ, ಅಯ್ಯೋ ಬೆಳಗ್ಗೆಗಿಂತ ವಾಸಿ ಐತೆ, ಏನೇ ಕೆಂಪಿ, ಅನ್ನ ಬಿಟ್ಟೆ ಅಂತ ಬೈದ್ನಲ್ಲೇ, ಸಾಯಿ ಅಂದ್ನಲ್ಲೇ ಮುಂಡೇದೇ, ಬಾಯ್ ತಪ್ಪಿ ಅಂದೆ ಕಣೇ, ಮನಸಲ್ಲಿಟ್ಕೋಬೇಡ ಕಣೇ. ಎರಡು ನಿಮಿಷ ಬಿಡಬೇಕು. ಬಿಟ್ಟಳು. ತೊಡೆಯ ಒಳಗೆ ಬೆರಳಿಟ್ಟಳು, ಗಡಿಯಾರ ನೋಡಿದಳು, ಹನ್ನೊಂದೂ ನಲವತ್ತು. ಈಗ ಹೋಯ್ತಮ್ಮ. ವಿಶಾಲಮ್ಮ ಪಾದ ಬಿಡಲಿಲ್ಲ, ಕಣ್ಣೆತ್ತಿ, ನಾ ಅಂದಿದ್ದು ಕೇಳಿಸ್ತೇನಮ್ಮ ಇದಕ್ಕೆ, ಅಂದರು.

ಕೇಳಿಸ್ತಮ್ಮ, ಅಂದಳು ಶಿವರಂಜಿನಿ, ಮೆತ್ತಗೆ, ಎಷ್ಟು ಮೆತ್ತಗೆ, ಎಷ್ಟು ಸಲೀಸಾಗಿ, ಒಂದು ಚೂರೂ ತಡವರಿಸದೆ, ಅವತ್ತು ನರ್ಸೂ ತಡವರಿಸಲಿಲ್ಲ, ನರ್ಸಿನ ಕೈ ಹೊದಿಕೆಯ ಅಂಚನ್ನು ಸರಿಮಾಡುತ್ತಿತ್ತು, ಇವಳ ಕೈಯೂ ಈಗ ಅಂಚನ್ನು ಸರಿಮಾಡುತ್ತಿದೆ, ವಿಶಾಲಮ್ಮನ ಕೈ ಆ ಕಡೆ ಹೋಗದ ಹಾಗೆ — ನೀಲಿ ಹೊದಿಕೆ, ಹೊರಗೆ ಎಡಗೈ, ಪಕ್ಕದಲ್ಲಿ, ಹೊದಿಕೆಯ ಕೆಳಗೆ, ಆ ಉಬ್ಬು, ಟವೆಲ್ ಇರಬೇಕು, ಟವೆಲ್, ಆ ಉಬ್ಬು —