ಪುಡಿ ಎಡಕ್ಕೆ, ನೀರು ಎರಡಕ್ಕೂ

ಅಜ್ಜಿಯ ಕಥೆಗಳಲ್ಲಿ ರಾಕ್ಷಸಿ ಹೊರಗಿನಿಂದ ಬಂದವಳೇ ಮೂಗಿನ ಹೊಳ್ಳೆ ಅರಳಿಸಿ ‘ನರವಾಸನೆ, ನರವಾಸನೆ’ ಎನ್ನುತ್ತಿದ್ದಳು. ಅಡಗಿ ಕುಳಿತ ರಾಜಕುಮಾರನ ಬದಲು ನಾನೇ ಕಂಬಳಿಯೊಳಗೆ ಉಸಿರು ಬಿಗಿಹಿಡಿಯುತ್ತಿದ್ದೆ. ದೊಡ್ಡವಳಾದ ಮೇಲೆ ಆ ರಾಕ್ಷಸಿಯ ಕೆಲಸವೇ ನನ್ನ ಪಾಲಿಗೆ ಬರುತ್ತದೆಂದು ಯಾರು ಕಂಡಿದ್ದರು?

ಚಿಕ್ಕಪ್ಪನ ಪರೀಕ್ಷಾ ಕೊಠಡಿ ಒಂದು ಚಪ್ಪಲಿ ಅಂಗಡಿಯ ಮೇಲಿದೆ. ಸೋಪು, ಪೌಡರು, ಸೆಂಟು ಮಾಡುವವರು ತಮ್ಮ ಮಾಲು ನಾತ ತಡೆಯುತ್ತದೆಯೋ ಇಲ್ಲವೋ ಎಂದು ತಿಳಿಯಲು ಅಲ್ಲಿಗೆ ಬರುತ್ತಾರೆ. ನಾನು ಅಲ್ಲಿನ ಮೂಗು. ಯಾರೋ ಹಗಲೆಲ್ಲ ಕಂಕುಳಲ್ಲಿಟ್ಟುಕೊಂಡ ಹತ್ತಿಯುಂಡೆ, ವಾರವಿಡೀ ಬಿಚ್ಚದ ಕಾಲುಚೀಲ, ಹಲ್ಲುಜ್ಜದ ಬಾಯಿಯ ಉಸಿರು ತುಂಬಿದ ಚೀಲ. ಒಂದೊಂದನ್ನೂ ಮೂಸಿ, ಸೊನ್ನೆಯಿಂದ ಹತ್ತರೊಳಗೆ ಅಂಕ ಕೊಡಬೇಕು. ಕಂಕುಳಿನದು ಹಳಸಿದ ಈರುಳ್ಳಿ. ಕಾಲುಚೀಲದ್ದು ಹುಳಿ ಹಿಡಿದ ಹಾಲು. ಕೆಲವು ವಾಸನೆಗಳು ಗಂಟಲಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಊಟದ ಹೊತ್ತಿಗೆ ಸರಿಯಾಗಿ ಎದ್ದು ಬರುತ್ತವೆ.

“ನಿಂಗೆ ಗಂಡು ಹುಡುಕೋದು ಸುಲಭ ಬಿಡೇ,” ಎನ್ನುತ್ತಾಳೆ ಚಿಕ್ಕಮ್ಮ. “ಸಾಲಾಗಿ ನಿಲ್ಲಿಸಿದ್ರೆ ಆಯ್ತು, ನೀನೇ ಮೂಸಿ ಆರಿಸ್ಕೋತೀಯ.”

ಹೇಸಿಗೆಯ ಕೆಲಸವಾದರೂ ಅದರೊಳಗಿನ ಶಿಸ್ತು ನನಗೆ ಇಷ್ಟವಾಗಿತ್ತು. ಆ ಶಿಸ್ತನ್ನು ಕಲಿಸಿದವರು ಚಿಕ್ಕಪ್ಪ. ಒಬ್ಬರ ಬೆವರು ಇನ್ನೊಬ್ಬರಂತಿರುವುದಿಲ್ಲ. ಆದ್ದರಿಂದ ಒಬ್ಬರದೇ ಒಂದು ಕಂಕುಳಿಗೆ ಪೌಡರು ಹಾಕಿ, ಇನ್ನೊಂದನ್ನು ಹಾಗೇ ಬಿಡಬೇಕು. ಯಾವುದಕ್ಕೆ ಹಾಕುವುದೆಂದು ನಾವು ಆರಿಸಬಾರದು, ನಾಣ್ಯ ಚಿಮ್ಮಬೇಕು. ಏಕೆಂದರೆ ಮನುಷ್ಯನ ಕೈ ತನಗೆ ಬೇಕಾದ ಉತ್ತರದ ಕಡೆಗೆ ತಾನೇ ವಾಲುತ್ತದೆ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸಬೇಕು. ಮೂಸುವವಳಿಗೆ ಯಾವ ಭರಣಿಯಲ್ಲಿ ಏನಿದೆ ಎಂದು ಗೊತ್ತಿರಕೂಡದು.

ಆ ಕೊನೆಯ ನಿಯಮ ಕೇಳಿದಾಗ ನಾನು ಅವರಿಗೆ ಅಜ್ಜಿಯ ಕಥೆಯೊಂದನ್ನು ಹೇಳಿದ್ದೆ. ಏಳು ಹುಡುಗಿಯರು, ಏಳೂ ಜನರದು ಒಂದೇ ರೂಪ. ಅವರಲ್ಲಿ ತನ್ನವಳು ಯಾರೆಂದು ರಾಜಕುಮಾರ ಹೇಳಬೇಕು. ಒಂದು ದುಂಬಿ ಬಂದು ಸರಿಯಾದವಳ ಮುಡಿಯ ಮೇಲೆ ಕೂರುತ್ತದೆ.

ಚಿಕ್ಕಪ್ಪ ಬಿದ್ದು ಬಿದ್ದು ನಕ್ಕಿದ್ದರು. “ಅಮ್ಮ ನಂಗೂ ಹೇಳಿದ್ಳು ಅದನ್ನ. ಆ ದುಂಬೀನೇ ಮೋಸ ಕಣಮ್ಮ! ನಮ್ಮ ಕೊಠಡಿಗೆ ದುಂಬಿ ಬರಬಾರದು, ಅಷ್ಟೇ.”

ಅವತ್ತು ಅವರನ್ನು ದೇವರ ಪಕ್ಕದಲ್ಲಿ ಕೂರಿಸಿದ್ದೆ. ಇಳಿಸಬೇಕಾಗಿ ಬಂದದ್ದು ಆ ಗಾಯದ ಪುಡಿ ಬಂದ ಮೇಲೆ.

ಪುಡಿ ತಂದವರು ಸದಾ ಕೋಟು ತೊಟ್ಟ ಒಬ್ಬ ಮಾರಾಟಗಾರರು. ಹಾಸಿಗೆ ಹಿಡಿದವರ ಬೆನ್ನಿಗೆ, ಸೊಂಟಕ್ಕೆ ಹುಣ್ಣಾಗುತ್ತದಲ್ಲ, ಅದರ ಮೇಲೆ ಉದುರಿಸುವ ಪುಡಿ. ಊರಾಚೆಯ ಶುಶ್ರೂಷಾಲಯದ ಹಿರಿಯ ನರ್ಸು ಅದನ್ನು ಆಗಲೇ ಕೆಲವರಿಗೆ ಹಾಕತೊಡಗಿದ್ದರು. ಅಲ್ಲಿಂದ ಗಾಯಕ್ಕೆ ಕಟ್ಟಿದ್ದ ಬಟ್ಟೆಯ ತುಂಡುಗಳು ಭರಣಿಗಳಲ್ಲಿ ಬಂದವು: ಅರ್ಧಕ್ಕೆ ಪುಡಿ, ಅರ್ಧಕ್ಕೆ ಇಲ್ಲ. ನಾನು ಮೊದಲ ಮುಚ್ಚಳ ತೆಗೆದೆ. ಸತ್ತ ಇಲಿಯ ನಾತ, ಅದರ ಹಿಂದೆ ತುಕ್ಕು. ಒಂಬತ್ತು ಅಂಕ. ಎರಡನೆಯದನ್ನು ತೆಗೆದೆ. ಮದುವೆಮನೆಯ ಬಾಗಿಲು ತೆರೆದಂತೆ ಹೂವಿನ ಘಾಟು ಮುಖಕ್ಕೆ ಹೊಡೆಯಿತು.

“ಚಿಕ್ಕಪ್ಪ, ಇದು ಪರೀಕ್ಷೆ ಹೇಗಾಗುತ್ತೆ? ನನ್ನ ಕಣ್ಣಿಗೆ ಬಟ್ಟೆ ಕಟ್ಟಿ, ಬೆಕ್ಕಿನ ಕೊರಳಿಗೆ ಗಂಟೆ ಕಟ್ಟಿದ ಹಾಗಿದೆ. ಪುಡಿ ಇರೋದು ಯಾವುದು ಅಂತ ಮೊದಲ ಉಸಿರಿಗೇ ಗೊತ್ತಾಗುತ್ತೆ. ಇದೇ ಸೆಂಟು ಹಾಕಿದ, ಆದ್ರೆ ಔಷಧಿ ಇಲ್ಲದ ಪುಡಿ ತರಿಸಿ. ಅದರ ಜೊತೆ ಹೋಲಿಸೋಣ.”

“ಅವರು ಕೇಳಿರೋದು ನಾತ ಕಮ್ಮಿ ಆಗುತ್ತಾ ಅಂತ. ಸೆಂಟಿಂದಾನೋ ಔಷಧಿಯಿಂದಾನೋ ಅಂತ ಕೇಳಿಲ್ಲ.”

“ಹುಣ್ಣು ವಾಸಿ ಆಗುತ್ತಾ?”

“ಅದನ್ನೂ ಕೇಳಿಲ್ಲ,” ಎಂದರು ಚಿಕ್ಕಪ್ಪ. ಹೇಳಿ, ಕನ್ನಡಕ ಒರೆಸಿಕೊಂಡರು. ಕನ್ನಡಕ ಚೊಕ್ಕಟವಾಗಿಯೇ ಇತ್ತು.

ಅಷ್ಟಕ್ಕೇ ಮುಗಿದಿದ್ದರೆ ನಾನು ಮೂಗು ಮುರಿದು ಸುಮ್ಮನಾಗುತ್ತಿದ್ದೆನೋ ಏನೋ. ಆದರೆ ಆ ಸಂಜೆ ಅವರು ಒಂದು ಡಬ್ಬಿಯನ್ನು ಮನೆಗೂ ತಂದರು.

ಮನೆಯಲ್ಲಿ ಹಾಸಿಗೆ ಹಿಡಿದಿದ್ದವಳು ಅಜ್ಜಿ. ಬಿದ್ದು ಸೊಂಟ ಮುರಿದ ಮೇಲೆ ಅವಳು ಎದ್ದಿರಲಿಲ್ಲ. ಎರಡೂ ಪಕ್ಕೆಗಳ ಕೆಳಗೆ, ಮೂಳೆ ಹಾಸಿಗೆಗೆ ಒತ್ತುವ ಕಡೆ, ಒಂದೊಂದು ಹುಣ್ಣು. ಎರಡೂ ಹೆಚ್ಚು ಕಡಿಮೆ ಒಂದೇ ಅಳತೆ. ಚಿಕ್ಕಮ್ಮ ದಿನಾ ಕುದಿಸಿ ಆರಿಸಿದ ಉಪ್ಪುನೀರಿನಲ್ಲಿ ತೊಳೆಯುತ್ತಿದ್ದಳು. ತೊಳೆದು, ಹಿತ್ತಲಿಗೆ ಓಡಿ ವಾಂತಿ ಮಾಡುತ್ತಿದ್ದಳು. ಆದರೂ ಮರುದಿನ ತೊಳೆಯುತ್ತಿದ್ದಳು. ನಾತವೇ ಅವಳನ್ನು ಜುಟ್ಟು ಹಿಡಿದು ಎಳೆತರುತ್ತಿತ್ತು.

ಪುಡಿ ಬಂದ ಮೇಲೆ ನಾತ ಹೋಯಿತು. ನಾತದ ಹಿಂದೆಯೇ ತೊಳೆಯುವುದೂ ಹೋಯಿತು.

“ತೊಳೆದ್ರೆ ಪುಡಿ ಹೊರಟುಹೋಗಲ್ವೇನೇ?” ಎಂದಳು ಚಿಕ್ಕಮ್ಮ. “ನೋಡು, ಈಗ ಕೋಣೆಗೆ ಬಂದ್ರೆ ಎಷ್ಟು ಹಾಯಾಗಿದೆ!”

ಅಜ್ಜಿ ಗೋಡೆಯ ಕಡೆ ತಿರುಗಿ ಮಲಗಿದ್ದಳು. “ಹೌದು ಹೌದು, ನನ್ನ ಹುಣ್ಣಿಗೆ ಮದುವೆ ಮಾಡಿದೀರಿ. ಇನ್ನು ಬಸುರಿ ಆಗೋದೊಂದು ಬಾಕಿ.”

ಚಿಕ್ಕಮ್ಮ ನಕ್ಕಳು. ನನಗೆ ನಗು ಬರಲಿಲ್ಲ. ಬೆರಳ ತುದಿಯಿಂದ ಆ ಪುಡಿಯ ಹೆಪ್ಪನ್ನು ಸರಿಸಿದೆ. ಗಾರೆ ಬಳಿದ ಹಾಗೆ ಗಟ್ಟಿಯಾಗಿತ್ತು. ಅಂಚಿನಿಂದ ಹಳದಿ ನೀರು ಜಿನುಗಿತು. ಅದೂ ಹೂವಿನ ವಾಸನೆ ಹೊತ್ತುಕೊಂಡೇ ಬಂತು. ಅಜ್ಜಿಯದೇ ಇನ್ನೊಂದು ಕಥೆಯಲ್ಲಿ ರಾಕ್ಷಸಿ ಮೈಗೆಲ್ಲ ಗಂಧ ಬಳಿದುಕೊಂಡು, ರಾಣಿಯ ವೇಷದಲ್ಲಿ ಅರಮನೆಯೊಳಗೆ ಬರುತ್ತಾಳೆ. ಅರಮನೆಯವರೆಲ್ಲ ಆಹಾ ಎನ್ನುತ್ತಿರುವಾಗ ಲಾಯದ ಕುದುರೆಗಳು ಒಂದೊಂದಾಗಿ ಕಾಣೆಯಾಗುತ್ತವೆ. ಈ ಹೆಪ್ಪಿನ ಕೆಳಗೆ ಏನು ಕಾಣೆಯಾಗುತ್ತಿದೆಯೋ?

ಚಿಕ್ಕಪ್ಪನಿಗೆ ಹೇಳಿದೆ.

“ವಾಸಿ ಆಗ್ತಿರಬೇಕು. ನಾತ ಇಲ್ವಲ್ಲ.”

“ನಾತ ಇಲ್ಲ ಅಂದ್ರೆ ವಾಸಿ ಅಂತ ಯಾರು ಹೇಳಿದ್ದು?”

“ವಾಸಿ ಆಗ್ತಿಲ್ಲ ಅಂತ ನಿಂಗೆ ಯಾರು ಹೇಳಿದ್ದು? ಬರೀ ಬಾಯಿಮಾತು ಬೇಡ. ತೋರಿಸು.”

ಅಜ್ಜಿಯ ಕಿವಿಯಲ್ಲಿ ಎಲ್ಲವನ್ನೂ ಹೇಳಿದೆ. ಎರಡೂ ಕಡೆ ಪುಡಿ ನಿಲ್ಲಿಸಲು ಅವರು ಒಪ್ಪಲಾರರು. ಒಂದು ಕಡೆ ನಿಲ್ಲಿಸಿ ತೋರಿಸಬಹುದು. ಇನ್ನೊಂದು ಕಡೆಯದು ಹದಗೆಡಲೂಬಹುದು. ನೀನು ಒಪ್ಪಿದರೆ ಮಾತ್ರ.

“ಒಂದಾದ್ರೂ ಉಳಿಯುತ್ತಲ್ಲೇ, ರಾಕ್ಷಸೀ,” ಎಂದಳು ಅಜ್ಜಿ. ನನ್ನನ್ನು ಅವಳು ಕರೆಯುವುದೇ ಹಾಗೆ. “ಚಿಮ್ಮು ನಿನ್ನ ನಾಣ್ಯ.”

ನಾಣ್ಯ ಎಡಕ್ಕೆ ಬಿತ್ತು. ಪುಡಿ ಎಡಕ್ಕೆ ಮಾತ್ರ, ಉಪ್ಪುನೀರು ಎರಡಕ್ಕೂ. ಬಲಗಡೆಯನ್ನು ಮಾತ್ರ ತೊಳೆದಿದ್ದರೆ, ಗುಣವಾದದ್ದು ಪುಡಿ ಇಲ್ಲದ್ದಕ್ಕೋ ನೀರು ಇದ್ದದ್ದಕ್ಕೋ ಎಂಬ ತಕರಾರು ಏಳುತ್ತಿತ್ತು. ಅವಳನ್ನು ಹೊರಳಿಸಿ ಮಲಗಿಸುವುದೂ ಎರಡು ಕಡೆಗೂ ಸಮನಾಗಿ, ಗಡಿಯಾರ ನೋಡಿಕೊಂಡು. ಅಳೆಯುವುದು ನಾತವನ್ನಲ್ಲ, ಹುಣ್ಣನ್ನೇ: ಪಾರದರ್ಶಕ ಹಾಳೆಯನ್ನು ಮೇಲೆ ಹಿಡಿದು, ಅಂಚಿನ ಗುಂಟ ಪೆನ್ನಿನಲ್ಲಿ ಗೆರೆ ಎಳೆಯುವುದು.

ಗೆರೆ ಎಳೆಯುವವಳು ನಾನಾಗಬಾರದಿತ್ತು, ನನಗೆ ಬೇಕಾದ ಉತ್ತರ ನನಗೆ ಗೊತ್ತಿತ್ತಲ್ಲ. ಚಿಕ್ಕಮ್ಮನೇ ಆಗಬೇಕು. ನಾನು ಮೊದಲೇ ತೊಳೆದು ಪುಡಿಯ ಗುರುತು ಅಳಿಸಿಡಬಹುದು. ಆದರೆ ಚರ್ಮಕ್ಕಂಟಿದ ಸೆಂಟು ಚಾಡಿ ಹೇಳುತ್ತದೆ. ಬಟ್ಟೆ ಒಣಹಾಕುವ ಹಗ್ಗದಿಂದ ಒಂದು ಕ್ಲಿಪ್ಪು ತಂದೆ.

“ಏನೇ ಇದು, ಮೂಗಿಗಾ?”

“ಮೂಗಿಗೆ.”

ಹಾಕಿಕೊಂಡಳು. ಗೆರೆ ಎಳೆದು ಮುಗಿಸಿ, ಮೂಗಿನಲ್ಲಿ ಮಾತಾಡುತ್ತಾ, “ಅಯ್ಯೋ, ಇದು ಮೊದ್ಲೇ ಹೊಳೆದಿದ್ರೆ ಆ ಪುಡೀನೇ ಬೇಕಿರ್ಲಿಲ್ವಲ್ಲೇ!” ಎಂದಳು.

“ನಿನ್ನ ಮೂಗಿಗೆ ಈಗ ಒಂದು ಒಡವೆ ಅಂತ ಆಯ್ತು,” ಎಂದಳು ಅಜ್ಜಿ. ನಗುವಾಗ ಎಡಗಡೆ ನೋಯುತ್ತದೆಂದು ಅರ್ಧಕ್ಕೇ ನಿಲ್ಲಿಸಿದಳು.

ಹಾಗೆ ಒಂದು ವಾರ ನಡೆಯಿತು. ಪ್ರತಿ ಬೆಳಿಗ್ಗೆ ಎಡಗಡೆಯ ಹೆಪ್ಪನ್ನು ನೆನೆಸಿ ಬಿಡಿಸುವಾಗ ಅದರೊಂದಿಗೆ ಬಿಳಿಚಿದ ಮಾಂಸದ ಎಳೆಗಳೂ ಎದ್ದು ಬರುತ್ತಿದ್ದವು. ಕೊನೆಕೊನೆಗೆ ಅಲ್ಲೊಂದು ಗುಳಿ ಬಿದ್ದು, ಅದರ ತಳದಲ್ಲಿ ಕಪ್ಪು ಕಂಡಿತು. ಕಂಡ ದಿನವೇ ಪರೀಕ್ಷೆ ಸಾಕೆಂದು ನಿಲ್ಲಿಸಿದೆ. ಎರಡೂ ಕಡೆಯ ಮೊದಲ ಮತ್ತು ಕೊನೆಯ ಹಾಳೆಗಳನ್ನು ಅಜ್ಜಿಯ ಕೋಣೆಯ ಕಿಟಕಿಗೆ ಅಂಟಿಸಿ ಚಿಕ್ಕಪ್ಪನನ್ನು ಕರೆದೆ. ಒಂದು ಜೊತೆಯಲ್ಲಿ ಗೆರೆ ಒಳಸರಿದಿತ್ತು. ಇನ್ನೊಂದರಲ್ಲಿ ಎಣ್ಣೆಯ ಕಲೆಯ ಹಾಗೆ ಹರಡಿತ್ತು. ಎಡ ಬಲ ಎಂದು ಎಲ್ಲೂ ಬರೆದಿರಲಿಲ್ಲ.

“ನೀವೇ ಹೇಳಿ. ಪುಡಿ ಯಾವುದಕ್ಕೆ?”

ಅವರು ಬೆಳಕಿನಲ್ಲಿ ಬಾಗಿ ನೋಡಿದರು. ಮುಖ ಅರಳಿತು. ಒಳಸರಿದ ಗೆರೆಯ ಮೇಲೆ ಬೆರಳಿಟ್ಟರು. “ಇದಕ್ಕೆ. ಎಷ್ಟು ಚೆನ್ನಾಗಿ ಕೂಡ್ಕೊಂಡಿದೆ ನೋಡು! ಸುಮ್ನೆ ಗಾಬರಿ ಮಾಡ್ತಿದ್ದೆ ನೀನು.”

“ಅದು ಬರೀ ಉಪ್ಪುನೀರು, ಚಿಕ್ಕಪ್ಪ. ಪುಡಿ ಹಾಕಿದ್ದು ಇನ್ನೊಂದಕ್ಕೆ, ಎಡಗಡೆಯದಕ್ಕೆ.”

ಬೆರಳು ಗಾಜಿನ ಮೇಲೆ ಹಾಗೇ ನಿಂತಿತು. ಅವರು ಈಗ ಡಾಕ್ಟರನ್ನು ಕರೆಯುತ್ತಾರೆ ಎಂದುಕೊಂಡೆ.

“ಒಬ್ಬ ರೋಗಿ, ಎರಡು ಹುಣ್ಣು,” ಎಂದರು ಚಿಕ್ಕಪ್ಪ, ಪಾಠ ಹೇಳುವ ದನಿಯಲ್ಲಿ. “ಇಷ್ಟರಿಂದ ಏನೂ ಸಿದ್ಧ ಆಗಲ್ಲ. ಎಡಗಡೆ ಮೊದಲಿಂದಾನೇ ಒಳಗೊಳಗೆ ಆಳ ಇತ್ತೋ ಏನೋ. ಆ ಕಡೆ ರಕ್ತ ಕಮ್ಮಿ ಹರಿಯುತ್ತೋ ಏನೋ. ನಾನೇ ಕಲಿಸಿದೀನಲ್ಲ ನಿಂಗೆ.”

ಎಲ್ಲವೂ ನಿಜ. ಒಂದು ಮಾತನ್ನೂ ತಳ್ಳಿಹಾಕುವ ಹಾಗಿರಲಿಲ್ಲ. ಅದಕ್ಕೇ ನನಗೆ ಅಷ್ಟು ಅಸಹ್ಯವಾಯಿತು. ಕಂಕುಳ ಹತ್ತಿ, ಕಾಲುಚೀಲ, ಸತ್ತ ಇಲಿ ಎಲ್ಲ ಸಹಿಸಿಕೊಂಡ ಗಂಟಲಿಗೆ ಈ ಚೊಕ್ಕಟವಾದ ಮಾತು ಇಳಿಯಲಿಲ್ಲ. ತನ್ನ ತಾಯಿಯ ಮೈ ಕೊಳೆಯುತ್ತಿರುವಾಗ ಈ ಮನುಷ್ಯ ಒಳ್ಳೆಯ ವಿಧಾನವನ್ನೇ ಕೊಡೆಯ ಹಾಗೆ ಬಿಚ್ಚಿ ಹಿಡಿದು, ಅದರಡಿ ನಿಂತಿದ್ದರು.

ಕೊಡೆಯಿದ್ದರೆ ಅದಕ್ಕೊಂದು ಹಿಡಿಯೂ ಇರುತ್ತದೆ. ಹಿಡಿದೆ.

“ಸರಿ, ಒಪ್ಪಿದೆ. ಎಡಗಡೆಯದೇ ತಪ್ಪಿರಬಹುದು, ಪುಡಿಯದಲ್ಲದೆ ಇರಬಹುದು. ಇಂಥ ಸಂಶಯ ಬಂದ್ರೆ ಏನು ಮಾಡಬೇಕು ಅಂತಾನೂ ನೀವೇ ಕಲಿಸಿದೀರಿ. ಅದಲು ಬದಲು ಮಾಡಬೇಕು. ಇವತ್ತಿಂದ ಎಡಕ್ಕೆ ಬರೀ ನೀರು, ಬಲಕ್ಕೆ ಪುಡಿ.” ಅಜ್ಜಿಯನ್ನು ಮೆಲ್ಲಗೆ ಹೊರಳಿಸಿ, ಬಲಗಡೆಯ ಹುಣ್ಣಿನ ಮೇಲಿನ ಬಟ್ಟೆ ಸರಿಸಿದೆ. ಎಳೆಗೆಂಪಾಗಿ, ಅಂಚಿನಲ್ಲಿ ಹೊಸ ಚರ್ಮ ಮೊಳೆತಿತ್ತು. ಡಬ್ಬಿಯ ಮುಚ್ಚಳ ತೆಗೆದು ಅವರ ಕೈಗಿಟ್ಟೆ. “ನಿಮ್ಮಮ್ಮ ಅಲ್ವಾ. ನೀವೇ ಹಾಕಿ.”

ಕೋಣೆ ಹೂವಿನ ಘಾಟಿನಿಂದ ತುಂಬಿತು. ಅವರು ಡಬ್ಬಿಯನ್ನು ಓರೆ ಮಾಡಿದರು. ಪುಡಿ ಅಂಚಿನ ತನಕ ಬಂತು. ಕೈ ಅಲ್ಲೇ ನಿಂತಿತು.

“ಹಾಕಪ್ಪ,” ಎಂದಳು ಅಜ್ಜಿ, ಗೋಡೆಯ ಕಡೆ ಮುಖ ಮಾಡಿಕೊಂಡೇ. “ನಿಂಗೆ ನಂಬಿಕೆ ಇದ್ರೆ ಹಾಕು.”

ಓರೆಯಾಗಿದ್ದ ಡಬ್ಬಿಯಿಂದ ಸ್ವಲ್ಪ ಪುಡಿ ಹಾಸಿಗೆಯ ಮೇಲೆ ಉದುರಿತು. ಅವರು ಬೆಚ್ಚಿ, ಅದು ಹುಣ್ಣಿಗೆ ತಾಗದಂತೆ ಅಂಗೈಯಿಂದ ಅತ್ತ ಗುಡಿಸಿದರು. ನಾನೂ ನೋಡಿದೆ, ಬಾಗಿಲಲ್ಲಿ ನಿಂತ ಚಿಕ್ಕಮ್ಮನೂ ನೋಡಿದಳು. ಚಿಕ್ಕಪ್ಪ ಮುಚ್ಚಳ ಹಾಕಿದರು. ಹೊರಗೆ ಹೋಗಿ ಡಾಕ್ಟರಿಗೆ ಫೋನು ಮಾಡುವುದು ಕೇಳಿಸಿತು.

ಡಾಕ್ಟರು ಬಂದು ಎಡಗಡೆಯನ್ನು ಕೊಯ್ದು ಬಿಡಿಸಿದರು. ಹೂವಿನಡಿ ಹೂತಿಟ್ಟಿದ್ದ ನಾತ ಒಮ್ಮೆಗೇ ಎದ್ದು ಮನೆಯನ್ನೆಲ್ಲ ಸುತ್ತಿತು. ಇನ್ನು ಸ್ವಲ್ಪ ತಡವಾಗಿದ್ದರೆ ಮೂಳೆಗೇ ತಗಲುತ್ತಿತ್ತು ಎಂದರು. ಚಿಕ್ಕಮ್ಮ ಹಿತ್ತಲಿಗೆ ಓಡಿ, ವಾಂತಿ ಮಾಡಿ, ಬಾಯಿ ಒರೆಸಿಕೊಂಡು ಬಂದು ಬಿಸಿನೀರಿಟ್ಟಳು.

ಚಿಕ್ಕಪ್ಪ ಬಚ್ಚಲಿನಲ್ಲಿ ಕೈ ತೊಳೆಯುತ್ತಿದ್ದರು. ತೊಳೆದಷ್ಟೂ ಕೈಯಿಂದ ಹೂವಿನ ವಾಸನೆ ಹೋಗುತ್ತಿರಲಿಲ್ಲ.

“ಇನ್ನು ಮನೆಗೆ ಬೇಡ ಅದು,” ಎಂದರು.

“ಮನೆಗೆ ಬೇಡ. ಶುಶ್ರೂಷಾಲಯದವರಿಗೆ?”

ಅವರು ನಲ್ಲಿ ನಿಲ್ಲಿಸಲಿಲ್ಲ. “ಪುಡಿಯವರು ಕೇಳಿದ್ದು ನಾತದ ಬಗ್ಗೆ. ನಾತ ಕಮ್ಮಿ ಆಗುತ್ತೆ. ವರದೀಲಿ ಅಷ್ಟನ್ನೇ ಬರೆದಿದೀನಿ, ಸುಳ್ಳೇನೂ ಬರೆದಿಲ್ಲ.”

ಟವೆಲಿಗಾಗಿ ಕೈ ಚಾಚಿದರು. ಟವೆಲು ನನ್ನ ಹೆಗಲ ಮೇಲಿತ್ತು. ಕೊಡಲಿಲ್ಲ. ಅವರ ಬೆರಳುಗಳಿಂದ ತೊಟ್ಟಿಕ್ಕುವ ಆ ಪರಿಮಳ ಮೂಗಿಗೆ ಬಡಿದು ವಾಕರಿಕೆ ಬಂತು. ಆ ಕೆಲಸಕ್ಕೆ ಸೇರಿದಂದಿನಿಂದ ಇಲ್ಲದ ವಾಕರಿಕೆ.

ಮರುದಿನ ಕೊಠಡಿಗೆ ಹೋಗಲಿಲ್ಲ. ಶುಶ್ರೂಷಾಲಯದ ಹಿರಿಯ ನರ್ಸಿನ ಮುಂದೆ ಹಾಳೆಗಳನ್ನಿಟ್ಟೆ. ಅವರು ನೋಡಿ, “ಒಬ್ಬರ ಎರಡು ಹುಣ್ಣು ಅಷ್ಟೇ. ಇದನ್ನ ಹೇಗೆ ನಂಬೋದು?” ಎಂದರು.

“ನಂಬಬೇಡಿ. ನಿಮ್ಮಲ್ಲಿ ಎಷ್ಟು ಜನ ಇದಾರೋ ಅಷ್ಟೂ ಜನರದನ್ನ ಪುಡಿ ತೊಳೆದು ನೋಡಿ. ಈಗಲೇ ಒಬ್ಬರದು ನೋಡೋಣ.”

ಅವರು ಮನಸ್ಸಿಲ್ಲದ ಮನಸ್ಸಿನಿಂದಲೇ ಎದ್ದರು. ಬಾಗಿಲ ಬಳಿಯ ಹಾಸಿಗೆಯಲ್ಲೊಬ್ಬ ವಯಸ್ಸಾದ ಬಡಗಿ ಮಲಗಿದ್ದ. ಕೋಣೆ ತುಂಬ ಹೂವಿನ ಘಾಟು. ಅವನ ಹಿಮ್ಮಡಿಯ ಹೆಪ್ಪನ್ನು ನೀರಿನಲ್ಲಿ ನೆನೆಸಿ ಬಿಡಿಸಿದರು. ಅವನು ಹಲ್ಲು ಕಚ್ಚಿದ. ನರ್ಸು ಬಾಗಿದರು, ಮರುಕ್ಷಣ ಸೆರಗಿನಿಂದ ಮೂಗು ಮುಚ್ಚಿಕೊಂಡು ಹಿಂದೆ ಸರಿದರು. ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮತ್ತೆ ಬಾಗಿದರು.

“ಆ ಬೇಸಿನ್ನು ತಗೊಂಡ್ಬಾಮ್ಮ,” ಎಂದರು ನನಗೆ. “ಪಕ್ಕದವರದ್ದೂ ಬಿಚ್ಚಬೇಕು.”