ಮಾದರಿ ಪಾಠ

ವಿಜ್ಞಾನದ ಮೇಡಂಗೆ ವಾರಗಿತ್ತಿಯೊಬ್ಬಳಿದ್ದಳು, ಗಂಡನ ಅಣ್ಣನ ಹೆಂಡತಿ. ಒಂದೇ ಮನೆಯ ಮೇಲಂತಸ್ತಿನಲ್ಲಿ ಅವಳ ವಾಸ. ತರಗತಿಯನ್ನು ಹಿಡಿತದಲ್ಲಿಡುವುದು ಹೇಗೆಂದು ಊರೂರು ತಿರುಗಿ ಮೇಷ್ಟ್ರುಗಳಿಗೇ ಪಾಠ ಹೇಳುವುದು ಅವಳ ಕಸುಬು. ಮೇಡಂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದಳು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಮಕ್ಕಳ ಗಲಾಟೆ ತಡೆಯಲಾರದೆ ಅರ್ಧ ಪಾಠಕ್ಕೇ ಎದ್ದು ಹೋಗಿ ಅತ್ತದ್ದನ್ನು ಗಂಡನಿಗೂ ಹೇಳದೆ ಈ ಅಕ್ಕನ ಹತ್ತಿರ ಮಾತ್ರ ಹೇಳಿಕೊಂಡಿದ್ದಳು.

ಆ ಗುಟ್ಟು ರಟ್ಟಾದದ್ದು ಮೇಡಂನ ಶಾಲೆಯಲ್ಲೇ ನಡೆದ ತರಬೇತಿಯಲ್ಲಿ.

"ದೂರದ ಉದಾಹರಣೆ ಯಾಕೆ? ನಮ್ಮನೇಲೇ ಒಬ್ಬರಿದ್ದಾರೆ," ಅಂದಳು ಅಕ್ಕ, ಮೈಕನ್ನು ಬಾಯಿಗೊತ್ತಿಕೊಂಡು. "ಹುಡುಗರು ಗಲಾಟೆ ಮಾಡಿದ್ರು ಅಂತ ಪುಸ್ತಕದಲ್ಲಿ ಮುಖ ಮುಚ್ಕೊಂಡು ಕ್ಲಾಸಿಂದ ಓಡಿದ್ರು!"

ಸಭೆಯ ಕತ್ತುಗಳೆಲ್ಲ ಮೇಡಂ ಕಡೆ ತಿರುಗಿದವು. ಹೆಡ್‌ಮಾಸ್ಟರಂತೂ ನಕ್ಕೂ ನಕ್ಕೂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಮೇಡಂ ತಾನೂ ನಕ್ಕಳು. ಗದ್ದಲ ಇಳಿದ ಮೇಲೆ ಎದ್ದು ನಿಂತು, ಬೆಣ್ಣೆಯಂಥ ದನಿಯಲ್ಲಿ, "ಅಕ್ಕಾ, ಹೇಳಿದ್ದನ್ನ ಒಂದ್ಸಲ ಮಾಡಿ ತೋರಿಸಿಬಿಡಿ. ನಾಳೆ ನನ್ನ ಕ್ಲಾಸೇ ತಗೊಳ್ಳಿ, ನಾವೆಲ್ಲ ಹಿಂದೆ ಕೂತು ಕಲೀತೀವಿ," ಅಂದಳು. ಅಷ್ಟು ಜನರೆದುರು ಒಲ್ಲೆ ಎನ್ನುವುದುಂಟೆ?

ಮೇಡಂ ಆರಿಸಿದ್ದು ಒಂಬತ್ತನೇ 'ಬಿ', ಅದೂ ಆಟದ ಪೀರಿಯಡ್ಡಿನ ಬೆನ್ನಿಗೆ. ಆ ತರಗತಿಯನ್ನು ಮೇಡಂ ಪಳಗಿಸಿದ್ದು ಬೆತ್ತದಿಂದಲ್ಲ. ಬಾಗಿಲಲ್ಲಿ ನಿಂತು, ನೀರು ಕುಡಿಸಿ, ಒಬ್ಬೊಬ್ಬರನ್ನೇ ಒಳಗೆ ಬಿಡುತ್ತಿದ್ದಳು. ಎಣ್ಣೆ ಸೀಗೆಕಾಯಿಯಂತಿದ್ದ ಅವಳಿ ಹುಡುಗರನ್ನು ಎರಡು ಮೂಲೆಗೆ ಕೂರಿಸುತ್ತಿದ್ದಳು. ಎಲ್ಲರೂ ಗುಬ್ಬಿ ಎನ್ನುತ್ತಿದ್ದ ಹುಡುಗಿಗೆ ಮಾತು ತೊದಲುತ್ತಿತ್ತು. ಅವಳಿಂದ ಗಟ್ಟಿಯಾಗಿ ಓದಿಸುತ್ತಲೇ ಇರಲಿಲ್ಲ.

ಬಾಗಿಲ ಬಳಿ ಅಕ್ಕ ಪಿಸುಗುಟ್ಟಿದಳು: "ಇವರ ಬಗ್ಗೆ ನನಗೇನಾದ್ರೂ ಗೊತ್ತಿರಬೇಕೇನೇ?"

"ಏನಿಲ್ಲ ಅಕ್ಕಾ. ಪಾಪದ ಮಕ್ಕಳು."

ಅವಳಿಗಳು ಒಂದೇ ಬೆಂಚಿಗೆ ಬಿದ್ದು ಕಿತ್ತಾಟ ಹಚ್ಚಿದರು. ಅಕ್ಕ ಚಪ್ಪಾಳೆ ತಟ್ಟಿದಳು, ತರಗತಿಯೂ ತಟ್ಟಿತು. ಕೂಗಿದಳು, ಯಾರೋ ಅದೇ ರಾಗದಲ್ಲಿ ಕೂಗಿದರು. ಹಿಂದೆ ಕೂತ ಮೇಡಂಗೆ ಸ್ವರ್ಗಕ್ಕೆ ಮೂರೇ ಗೇಣು! ತಾನೊಮ್ಮೆ ಎದ್ದು ನಿಂತರೆ ಸಾಕು, ಸದ್ದಡಗುತ್ತದೆಂದು ಗೊತ್ತಿತ್ತು. ಬೆಂಚಿಗೆ ಅಂಟಿಕೊಂಡವಳಂತೆ ಕೂತೇ ಇದ್ದಳು.

ಬೆವೆತುಹೋದ ಅಕ್ಕ, ಸುಮ್ಮನೆ ಕೂತವಳೊಬ್ಬಳನ್ನು ಹುಡುಕಿ ಬೆರಳು ತೋರಿಸಿದಳು. "ನೀನು, ಎದ್ದು ಓದಮ್ಮ."

ಗುಬ್ಬಿ ಎದ್ದಳು. ಇದು ಮೇಡಂನ ಲೆಕ್ಕದಲ್ಲಿರಲಿಲ್ಲ. ಮೊದಲ ಅಕ್ಷರಕ್ಕೇ ತಡವರಿಸಿದ ಹುಡುಗಿ ಹಿಂದಕ್ಕೆ ತಿರುಗಿ ಅವಳನ್ನೇ ನೋಡಿದಳು. ಆಗಲಾದರೂ ಏಳಬಹುದಿತ್ತು. ಏಳಲಿಲ್ಲ.

"ಬಾಯಲ್ಲೇನು ಕಲ್ಲಿಟ್ಕೊಂಡಿದ್ದೀಯಾ?" ಎಂದು ಅಕ್ಕ ಕಿರುಚಿದ್ದೇ ತಡ, ತರಗತಿಗೆ ತರಗತಿಯೇ ಬೆಂಚು ಕುಟ್ಟತೊಡಗಿತು. ಅದು ಕುಚೇಷ್ಟೆಯಲ್ಲ, ಸಿಟ್ಟು. ಅಕ್ಕನ ತುಟಿ ಅದುರಿತು. ಕೈಚೀಲವನ್ನೂ ಮರೆತು ಹೊರಗೆ ನಡೆದುಬಿಟ್ಟಳು.

ಸಂಜೆ ಮೇಡಂ ಆ ಚೀಲವನ್ನು ಮೇಲಂತಸ್ತಿಗೆ ಒಯ್ದು ಕೊಟ್ಟಳು.

"ಗೊತ್ತಿದ್ದೂ ಹೇಳಲಿಲ್ಲ ನೀನು," ಅಂದಳು ಅಕ್ಕ.

"ಗೊತ್ತಿದ್ದದ್ದನ್ನ ನೀವು ಊರಿಗೆಲ್ಲ ಹೇಳಿದ್ರಿ. ಅಲ್ಲಿಗಲ್ಲಿಗೆ ಸರಿಹೋಯ್ತು."

ಆ ರಾತ್ರಿ ಮೇಡಂಗೆ ಗಡದ್ದಾಗಿ ನಿದ್ದೆ ಬಂತು.

ಮರುದಿನ ಗುಬ್ಬಿಯ ಬೆಂಚಿನ ಬಳಿ ಬಗ್ಗಿ, "ನಿನ್ನೇದು ಮನಸ್ಸಿಗೆ ಹಚ್ಕೋಬೇಡ ಪುಟ್ಟಾ," ಅಂದಳು.

ಹುಡುಗಿ ತಲೆ ಎತ್ತಲಿಲ್ಲ. ಒಂದೊಂದೇ ಮಾತನ್ನು ಎಳೆದು ತಂದಳು: "ನೀ… ನೀವು ನೋ… ನೋಡ್ತಾ ಕೂತಿದ್ರಿ, ಮೇಡಂ."

ಅಂದಿನಿಂದ ಒಂಬತ್ತನೇ 'ಬಿ' ಕೇಳಿದಷ್ಟಕ್ಕೆ ಮಾತ್ರ ಬಾಯಿ ಬಿಡುತ್ತಿತ್ತು, ನಗುವುದನ್ನೂ ನಿಲ್ಲಿಸಿತು. ಅದು ಮೇಡಂಗೆ ಮುಳ್ಳಿನಂತೆ ಚುಚ್ಚುತ್ತಿತ್ತು. ಆದರೂ ಮೆಟ್ಟಿಲ ಮೇಲೆ ಎದುರಾದ ಅಕ್ಕ ಮುಖ ತಿರುಗಿಸಿಕೊಂಡು ಹೋದಾಗಲೆಲ್ಲ, ಅವಳಿಗೆ ಒಳಗೊಳಗೇ ತಣ್ಣಗಾಗುತ್ತಿದ್ದದ್ದೂ ಸುಳ್ಳಲ್ಲ.