ಹಳದಿ ಫ್ರಾಕು

"ಅಷ್ಟು ಬಿಗಿಯಾಗಿ ಹೊಲೀಬೇಡ, ಬಿಚ್ಚೋಕೆ ಬರೋ ಹಾಗೆ ಕಚ್ಚಾ ಹೊಲಿಗೆ ಹಾಕಿಟ್ಟಿರು ಅಂತ ಆವತ್ತೇ ಅಂದೆ," ಎಂದು ಅತ್ತೆ ಮೆಲ್ಲಗೆ ಗೊಣಗಿದರು.

ಸೊಸೆ ಆಸ್ಪತ್ರೆಯ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತು, ಕತ್ತರಿಯ ತುದಿಯಿಂದ ಮಗಳ ಫ್ರಾಕಿನ ಪಕ್ಕದ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚುತ್ತಿದ್ದಳು. ಮಗು ಗೋಡೆಯ ಕಡೆ ಮುಖ ಮಾಡಿ ಮಲಗಿತ್ತು. ನಾಳೆ ಬೆಳಿಗ್ಗೆ ಮನೆಗೆ ಹೋಗಬಹುದು ಎಂದಿದ್ದರು ಡಾಕ್ಟರು.

ಹೋದ ವರ್ಷ ಕರುಳು ತಿರುಚಿಕೊಂಡು, ಕೆಟ್ಟ ಭಾಗವನ್ನು ಕತ್ತರಿಸಿ ತೆಗೆದಾಗ ಮಗುವಿಗೆ ಮೂರು ವರ್ಷ. ಹೊಟ್ಟೆಯ ಬಲಗಡೆ ಕರುಳಿನ ಬಾಯಿಯನ್ನು ಹೊರಗೆ ತಂದು, ಮಲ ಸೇರಲು ಒಂದು ಚೀಲ ಅಂಟಿಸಿದ್ದರು. ಅಂದಿನಿಂದ ತಾಯಿ ಪ್ರತಿ ಫ್ರಾಕಿನ ಪಕ್ಕವನ್ನೂ ನಾಲ್ಕು ಬೆರಳಗಲ ಬಿಟ್ಟು, ಒಳಗೆ ಹಳೆಯ ಬನಿಯನ್ ಬಟ್ಟೆಯ ಜೇಬು ಕೊಟ್ಟು ಹೊಲಿಯುತ್ತಿದ್ದಳು. ಬೀದಿಯವರ ಬಟ್ಟೆ ಹೊಲಿದು ಪಳಗಿದ ಕೈ. ಮೇಲಿಂದ ನೋಡಿದರೆ ಚೀಲ ಇರುವುದೇ ಗೊತ್ತಾಗುತ್ತಿರಲಿಲ್ಲ. ಮಗುವಿಗೆ ಮಾತ್ರ ಮುಚ್ಚುಮರೆಯೇನೂ ಇರಲಿಲ್ಲ. ಚೀಲದ ಮೇಲೆ ಕೈಯಿಟ್ಟುಕೊಂಡು, "ಯಾರ್ರೀ ಟಿಕೆಟ್, ಟಿಕೆಟ್!" ಎಂದು ಮನೆಯೆಲ್ಲ ಓಡಾಡುತ್ತಿತ್ತು. ಕುರ್ಚಿಯಲ್ಲಿ ಕೂತವರು ಹಳೆಯ ಕ್ಯಾಲೆಂಡರಿನ ಚೂರೊಂದನ್ನು ತೆಗೆದುಕೊಳ್ಳದೆ ಏಳುವಂತಿರಲಿಲ್ಲ. ಕಂಡಕ್ಟರಮ್ಮ ಎಂದು ಹೆಸರಿಟ್ಟವರು ಅಜ್ಜಿಯೇ.

ಕರುಳನ್ನು ಮತ್ತೆ ಜೋಡಿಸುವ ದಿನ ಗೊತ್ತಾದಾಗ ಕಂಡಕ್ಟರಮ್ಮ ಉಳಿದ ಚೂರುಗಳನ್ನೆಲ್ಲ ಅಜ್ಜಿಯ ಕೈಗೆ ಸುರಿದಿದ್ದಳು. "ನಾನು ಕೆಲ್ಸ ಬಿಟ್ಟೆ. ಇನ್ಮೇಲೆ ಸ್ಕೂಲಿಗೆ ಹೋಗ್ತೀನಿ." ಚೀಲ ಹೋದ ಮೇಲೆ ಕರೆದುಕೊಂಡು ಬನ್ನಿ ಎಂದಿದ್ದರು ಸ್ಕೂಲಿನವರು. ಆವತ್ತೇ ತಾಯಿ ಆರು ಫ್ರಾಕುಗಳ ಪಕ್ಕವನ್ನೂ ಮುಚ್ಚಿದಳು. ಮಿಷನ್ನಿನ ಅತಿ ಸಣ್ಣ ಹೊಲಿಗೆ, ಎರಡೆರಡು ಸಾಲು. ಸ್ಕೂಲಿನ ಮೊದಲ ದಿನಕ್ಕೆಂದು ಹಳದಿ ಬಟ್ಟೆಯ ಏಳನೆಯದನ್ನು, ಜೇಬೇ ಇಲ್ಲದ್ದನ್ನು, ಹೊಸದಾಗಿ ಹೊಲಿದಳು. ಆತುರ ಬೇಡ ಎಂದ ಅತ್ತೆಯ ಮೇಲೆ ಸಿಡುಕಿದಳು: "ನಿಮ್ಮ ಬಾಯಲ್ಲಿ ಒಂದು ಒಳ್ಳೇ ಮಾತು ಬರಲ್ವಾ ಅತ್ತೆ?"

ಜೋಡಿಸಿದ ಜಾಗ ಐದನೆಯ ದಿನ ಸೋರಿತು. ಜ್ವರ ಏರಿ ಮಗುವನ್ನು ಮತ್ತೆ ಒಳಗೆ ಕರೆದೊಯ್ದರು. ಹೊರಗೆ ಬಂದ ಡಾಕ್ಟರು, "ಮಗು ಉಳೀತಮ್ಮ. ಚೀಲ ಮತ್ತೆ ಹಾಕ್ಲೇಬೇಕಾಯ್ತು. ಮುಂದಿನ ವರ್ಷ ನೋಡೋಣ," ಎಂದರು.

ಅದಕ್ಕೆ ಇವತ್ತಿಗೆ ಹದಿನಾರು ದಿನ. ಮಗು ಹಾಲು ಕುಡಿಯಿತು, ಗೋಡೆ ಹಿಡಿದು ಬಾಗಿಲವರೆಗೆ ನಡೆಯಿತು. ಚೀಲದ ಮಾತು ಮಾತ್ರ ಎತ್ತಲಿಲ್ಲ. ಅದನ್ನು ಬದಲಿಸುವಾಗೆಲ್ಲ ಮೇಲೆ ಫ್ಯಾನನ್ನೇ ನೋಡುತ್ತಿತ್ತು. ತಾಯಿಗೂ ಬಾಯಿ ಬರಲಿಲ್ಲ. ಸ್ಕೂಲಿನ ಆಸೆ ಹುಟ್ಟಿಸಿದವಳು ತಾನೇ ತಾನೆ.

"ಏನೇ ಕಂಡಕ್ಟರಮ್ಮ, ನಾಳೆ ನಮ್ಮ ಬಸ್ಸು ಹೊರಡತ್ತಂತೆ. ಈ ಮುದುಕಿಗೆ ಕಿಟಕಿ ಪಕ್ಕ ಸೀಟು ಕೊಡ್ತೀಯೋ ಇಲ್ವೋ?" ಎಂದರು ಅಜ್ಜಿ.

ಮಗು ತಿರುಗಲಿಲ್ಲ. "ನಾನು ಕೆಲ್ಸ ಬಿಟ್ಟಿದೀನಲ್ಲ ಅಜ್ಜಿ."

ಅಜ್ಜಿ ಕನ್ನಡಕ ತೆಗೆದು ಒರೆಸಿದರು. ಒರೆಸುತ್ತಲೇ ಇದ್ದರು.

ಸ್ವಲ್ಪ ಹೊತ್ತಿಗೆ ಮಗು ಮೆಲ್ಲಗೆ ಮಗ್ಗುಲು ಬದಲಿಸಿತು. ತಾಯಿಯ ಮಡಿಲು, ನೆಲದ ಮೇಲೆ ಉದುರಿದ್ದ ದಾರದ ತುಣುಕುಗಳು ಕಂಡವು. "ಅದ್ಯಾಕೆ ಬಿಚ್ತಿದೀಯಮ್ಮಾ?"

ಕತ್ತರಿ ನಿಂತಿತು. "ಚೀಲಕ್ಕೆ ಜಾಗ ಬೇಕಲ್ವಾ ಪುಟ್ಟಿ." ಹದಿನಾರು ದಿನ ಆಡದೆ ಉಳಿಸಿಕೊಂಡಿದ್ದ ಮಾತು ಇಷ್ಟೇ ಆಗಿತ್ತು.

"ಎಲ್ಲದನ್ನೂ ಬಿಚ್ತೀಯಾ?"

"ಹ್ಞೂಂ."

"ಹಳದೀದೂ?"

"ಅದು ಬೇಡ. ಮುಂದಿನ ವರ್ಷಕ್ಕೆ ಇರ್ಲಿ. ಆವಾಗ ಸ್ಕೂಲಿಗೆ ಹಾಕ್ಕೊಂಡು ಹೋಗುವೆಯಂತೆ."

ಮಗು ಮಂಚದ ತುದಿಯಲ್ಲಿ ಮಡಿಸಿಟ್ಟಿದ್ದ ಆ ಫ್ರಾಕನ್ನೇ ನೋಡಿತು. "ಅಷ್ಟೊತ್ತಿಗೆ ಚಿಕ್ಕದಾಗತ್ತಲ್ಲಮ್ಮಾ."

ತಾಯಿ ಕೈಯಲ್ಲಿದ್ದುದನ್ನು ಬದಿಗಿಟ್ಟು ಹಳದಿ ಫ್ರಾಕನ್ನು ಮಡಿಲಿಗೆ ಎಳೆದುಕೊಂಡಳು. ಅಂಚನ್ನು ತಿರುವಿ, ಒಳಮಡಿಕೆಯಲ್ಲಿ ಇಳಿಬಿಡಲು ಎಷ್ಟು ಬಟ್ಟೆ ಇದೆಯೆಂದು ಬೆರಳಿಟ್ಟು ಅಳೆದಳು. ಮೂರು ಬೆರಳು. ಸುತ್ತಲಿನ ಬಿಗಿ ಹೊಲಿಗೆಯನ್ನು ಬಿಚ್ಚಿದಳು. ಅತ್ತೆ ಯಾರೂ ಕೇಳದೆಯೇ ಕನ್ನಡಕ ಹಾಕಿಕೊಂಡು, ದಾರದ ತುದಿಯನ್ನು ನಾಲಿಗೆಗೆ ಒತ್ತಿ, ನಾಲ್ಕನೆಯ ಸಲಕ್ಕೆ ಸೂಜಿಗೆ ಪೋಣಿಸಿ ಕೊಟ್ಟರು. ಬಿಳಿ ದಾರ. ಉದ್ದುದ್ದ ಕಚ್ಚಾ ಹೊಲಿಗೆಗಳು ಹಳದಿ ಅಂಚಿನ ಸುತ್ತ ಒಂದೊಂದಾಗಿ ಬಿದ್ದವು. ಮಗು ಕೈ ಚಾಚಿ ಅವುಗಳ ಮೇಲೆ ಬೆರಳಾಡಿಸುತ್ತಾ ಬಂತು.

ಕೊನೆಯಲ್ಲಿ ಗಂಟು ಇರಲಿಲ್ಲ. ಬಿಟ್ಟ ದಾರದ ತುದಿ ಫ್ಯಾನಿನ ಗಾಳಿಗೆ ಅಲುಗುತ್ತಿತ್ತು.